ಇಪ್ಪತ್ತು ಬೈ ಹತ್ತು, ಮೂರು ಬೈ ಎರಡು: ಅಭಿಮಾನಿ ಬಳಗದ ಗೆಳೆಯರಿಗೆ ಒಂದು ಬಹಿರಂಗ ಪತ್ರ

ಹುಬ್ಬಳ್ಳಿ-ಧಾರವಾಡ, ಗದಗ ಮತ್ತು ಹಾವೇರಿಯ ಎಲ್ಲ ಅಭಿಮಾನಿ ಬಳಗಗಳ ಅಧ್ಯಕ್ಷರಿಗೆ, ಪದಾಧಿಕಾರಿಗಳಿಗೆ, ಗೆಳೆಯರಿಗೆ,

ನಮಸ್ಕಾರ.

ನಾನು ಯಾರು ಅಂತ ನಿಮ್ಮಲ್ಲಿ ತುಂಬಾ ಜನಕ್ಕೆ ಗೊತ್ತು. ಹಳೇ ಹುಬ್ಬಳ್ಳಿಯಲ್ಲಿ ನನ್ನದೊಂದು ಬ್ಯಾನರ್ ಅಂಗಡಿ ಇದೆ. ಹುಟ್ಟುಹಬ್ಬಕ್ಕೆ, ಸಿನಿಮಾ ಬಿಡುಗಡೆಗೆ, ಪುಣ್ಯಸ್ಮರಣೆಗೆ ನೀವು ಬರುವುದು ನನ್ನ ಹತ್ತಿರ. ಫ್ಲೆಕ್ಸ್ ನಿಷೇಧ ಅಂತ 2016ರಲ್ಲೇ ಸರ್ಕಾರ ಆದೇಶ ಮಾಡಿದೆ, ಅದೂ ಗೊತ್ತು. ಅದರ ಬಗ್ಗೆ ಬೈಯಬೇಕು ಅನ್ನುವವರು ಬೇರೆ ಪತ್ರ ಬರೆಯಲಿ, ನಾನು ಓದುತ್ತೇನೆ. ಈಗ ಬಟ್ಟೆ ಮೇಲೂ ಪ್ರಿಂಟ್ ಹಾಕುತ್ತೇನೆ, ಆದರೆ ನೀವೇ ‘ಅದು ಹೊಳೆಯೋದಿಲ್ಲ ಅಣ್ಣಾ’ ಅಂತ ವಾಪಸ್ ಕಳಿಸುತ್ತೀರಿ.

ಹದಿನಾರು ವರ್ಷ ಆಯಿತು ಈ ಕೆಲಸಕ್ಕೆ. ಸಾವು ನನ್ನ ಅಂಗಡಿಗೆ ಚದರ ಅಡಿ ಲೆಕ್ಕದಲ್ಲಿ ಬರುತ್ತದೆ. ಹೀರೋ ಹೋದರೆ ಇಪ್ಪತ್ತು ಬೈ ಹತ್ತು. ರಾಜಕಾರಣಿ ಆದರೆ ಹದಿನೈದು ಬೈ ಹತ್ತು, ದುಡ್ಡು ಮಾತ್ರ ಆರು ತಿಂಗಳ ಮೇಲೆ. ಓಣಿಯ ಹಿರಿಯರಾದರೆ ಆರು ಬೈ ನಾಲ್ಕು. ಹಮಾಲಿ, ಗೌಂಡಿ, ಆಟೋದವರು, ಸಾಲ ಮಾಡಿ ಹೊಲದಲ್ಲೇ ಜೀವ ಬಿಟ್ಟ ರೈತ ಇವರಿಗೆಲ್ಲ ಮೂರು ಬೈ ಎರಡು. ಅದಕ್ಕೂ ರೇಟು ಕಡಿಮೆ ಮಾಡಿ ಅಂತ ಕೇಳಿಕೊಂಡು ನಿಲ್ಲುತ್ತಾರೆ.

ಈ ಪತ್ರ ನಿಮ್ಮನ್ನು ಬೈಯಲಿಕ್ಕೆ ಅಂತ ಬರೆದದ್ದಲ್ಲ. ‘ಒಬ್ಬ ನಟ ಸತ್ತರೆ ಇಷ್ಟು ಅಳುತ್ತೀರಿ, ದಿನಾ ರಸ್ತೆಯಲ್ಲಿ ಸಾಯುವವರು ಕಾಣುವುದಿಲ್ಲವಾ’ ಅಂತ ಕೇಳುವ ಜನ ಇದ್ದಾರಲ್ಲ, ಅವರ ಸಾಲಿಗೆ ನನ್ನನ್ನು ಸೇರಿಸಬೇಡಿ. ಹಾಗೆ ಕೇಳುವವರಲ್ಲಿ ಜಾಸ್ತಿ ಜನ ಎರಡಕ್ಕೂ ಅತ್ತವರಲ್ಲ. ನಾನು ಅತ್ತಿದ್ದೇನೆ. ಅದನ್ನೇ ಮೊದಲು ಹೇಳಿಬಿಡುತ್ತೇನೆ.

2021ರ ಅಕ್ಟೋಬರ್ 29, ಶುಕ್ರವಾರ. ಹಾನಗಲ್ ಉಪಚುನಾವಣೆಯ ಪ್ರಚಾರ ಮುಗಿದು ಮರುದಿನ ಮತದಾನ ಇತ್ತು. ಪಾರ್ಟಿ ಕೆಲಸ ಮುಗಿದು ಮಷಿನ್ ತಣ್ಣಗಾಗಿತ್ತು, ಹುಡುಗರು ರಾಜ್ಯೋತ್ಸವದ ಬ್ಯಾನರಿಗೆ ಐಲೆಟ್ ಹೊಡೆಯುತ್ತಿದ್ದರು. ಬೆಳಿಗ್ಗೆ ಶಿವಣ್ಣನ ಸಿನಿಮಾ ಬಿಡುಗಡೆ ಅಂತ ಊರಲ್ಲಿ ಪಟಾಕಿ ಹೊಡೆದಿದ್ದರು. ಮಧ್ಯಾಹ್ನದ ಹೊತ್ತಿಗೆ ಫೋನು ಶುರುವಾಯಿತು. ಪುನೀತ್ ಹೋದರು ಅಂತ. 46 ವರ್ಷ. ಮೊದಲು ಯಾರೂ ನಂಬಲಿಲ್ಲ, ನಾನಂತೂ ಫೋನ್ ಮಾಡಿದವನಿಗೆ ಬೈದೆ. ಆಮೇಲೆ ಅರ್ಧ ತಾಸಿನಲ್ಲಿ ನೀವೆಲ್ಲ ಅಂಗಡಿ ಮುಂದೆ ಇದ್ದಿರಿ. ಯಾರ ಬಾಯಲ್ಲೂ ಮಾತಿಲ್ಲ. ಯಾವ ಫೋಟೋ ಹಾಕಬೇಕು ಅಂತ ಕೇಳಿದರೆ, ನಗುತ್ತಿರುವುದು ಹಾಕು ಅಂತ ಒಬ್ಬ ಹೇಳಿದ. ಹುಡುಕಿದರೆ ನಗದೇ ಇರುವ ಫೋಟೋ ಒಂದೂ ಸಿಗಲಿಲ್ಲ.

ಮೂರು ದಿನ ಮಷಿನ್ ನಿಲ್ಲಲಿಲ್ಲ. ಅದೇ ಮುಖ, ಒಂದರ ಹಿಂದೆ ಒಂದು, ನಿಧಾನವಾಗಿ ಮೇಲಿಂದ ಕೆಳಗೆ ಇಳಿದು ಬರುತ್ತಿತ್ತು. ಮೊದಲು ಕೂದಲು, ಆಮೇಲೆ ಹಣೆ, ಆಮೇಲೆ ಕಣ್ಣು. ಶುಕ್ರವಾರ ರಾತ್ರಿ ಎರಡು ಗಂಟೆಗೆ ಒಬ್ಬನೇ ಇದ್ದಾಗ, ಕಣ್ಣಿನ ತನಕ ಪ್ರಿಂಟ್ ಬಂದಿದ್ದಾಗ, ನನಗೆ ಅಳು ತಡೆಯಲಾಗಲಿಲ್ಲ. ಇಂಕ್ ಡಬ್ಬಿ ಮೇಲೆ ಕೂತು ಅತ್ತೆ.

ಆದರೆ ನಾನು ಅತ್ತದ್ದು ಯಾರಿಗೆ ಅಂತ ಆಮೇಲೆ ತುಂಬಾ ಸಲ ಯೋಚನೆ ಮಾಡಿದ್ದೇನೆ. ಅದೇ ವರ್ಷ ಮೇ ತಿಂಗಳಲ್ಲಿ ನಮ್ಮ ತಂದೆ ಕೊರೊನಾದಲ್ಲಿ ಹೋಗಿದ್ದರು. ಅಂತ್ಯಕ್ರಿಯೆಗೆ ಐದೇ ಜನ ಅಂತ ನಿಯಮ ಇತ್ತು. ನಾವು ನಾಲ್ವರು ಇದ್ದೆವು, ಅದೂ ದೂರದಲ್ಲಿ. ಮುಖ ಸರಿಯಾಗಿ ತೋರಿಸಲಿಲ್ಲ. ಊರಿನಿಂದ ನಮ್ಮ ಅತ್ತೆಗೆ ಬರಲಾಗಲಿಲ್ಲ, ಫೋನಿನಲ್ಲೇ ಹಾಡಿಕೊಂಡು ಅತ್ತರು, ನೆಟ್‌ವರ್ಕ್ ಇರಲಿಲ್ಲ, ಅರ್ಧ ಕೇಳಿಸಿತು. ಬ್ಯಾನರ್ ಅಂಗಡಿ ಇಟ್ಟುಕೊಂಡು ನಾನು ನಮ್ಮಪ್ಪನಿಗೆ ಒಂದು ಬ್ಯಾನರ್ ಹಾಕಲಿಲ್ಲ. ಲಾಕ್‌ಡೌನ್, ರಸ್ತೆಯಲ್ಲಿ ನಾಯಿ ಬಿಟ್ಟರೆ ಯಾರಿರಲಿಲ್ಲ, ಯಾರು ನೋಡಬೇಕಿತ್ತು? ಅವತ್ತು ಕಣ್ಣಲ್ಲಿ ನೀರು ಬರಲಿಲ್ಲ. ಆಸ್ಪತ್ರೆ ಬಿಲ್ಲು, ಡೆತ್ ಸರ್ಟಿಫಿಕೇಟು, ತಾಯಿಯ ಆಕ್ಸಿಜನ್ ಮಟ್ಟ, ಇದರಲ್ಲೇ ದಿನ ಹೋದವು. ಐದು ತಿಂಗಳು ಎಲ್ಲೋ ಕೂತಿದ್ದ ಅಳು ಅಪ್ಪುವಿನ ಕಣ್ಣು ಪ್ರಿಂಟ್ ಆಗುವಾಗ ಹೊರಗೆ ಬಂತು.

ನನ್ನೊಬ್ಬನದೇ ಅಲ್ಲ ಅಂತ ಅನಿಸುತ್ತದೆ. ಆ ವರ್ಷ ಎಷ್ಟು ಮನೆಗಳಲ್ಲಿ ಸಾವಾಗಿತ್ತು, ಎಷ್ಟು ಜನ ಸರಿಯಾಗಿ ಅತ್ತಿರಲಿಲ್ಲ. ಅಪ್ಪು ಹೋದ ದಿನ ಇಡೀ ರಾಜ್ಯಕ್ಕೆ ಅಳುವುದಕ್ಕೆ ಒಂದು ಅನುಮತಿ ಸಿಕ್ಕ ಹಾಗಾಯಿತು. ಗಂಡಸರು ನಡುರಸ್ತೆಯಲ್ಲಿ ಅತ್ತರು, ಯಾರೂ ನಗಲಿಲ್ಲ. ಅಪ್ಪನ ಹೆಣದ ಮುಂದೆ ಗಟ್ಟಿಯಾಗಿ ನಿಂತಿದ್ದವರು ಕಟೌಟಿನ ಕಾಲು ಹಿಡಿದು ಅತ್ತರು. ಇದು ನಾಟಕ ಅಂತ ಯಾರಾದರೂ ಹೇಳಿದರೆ ನನಗೆ ಸಿಟ್ಟು ಬರುತ್ತದೆ.

ಇನ್ನೊಂದು, ಅವರು ನಮಗೆ ಹೊರಗಿನವರಾಗಿ ಇರಲೇ ಇಲ್ಲ. ಕೂಸಾಗಿದ್ದಾಗಿನಿಂದ ಪರದೆ ಮೇಲೆ ನೋಡಿದ್ದೇವೆ. ಅವರ ತಂದೆ ಗೊತ್ತು, ತಾಯಿ ಗೊತ್ತು, ಅಣ್ಣಂದಿರು ಗೊತ್ತು. ನಮ್ಮ ಸೋದರತ್ತೆ ಮಗನ ಮದುವೆ ಯಾವ ವರ್ಷ ಅಂತ ಕೇಳಿದರೆ ತಡವರಿಸುತ್ತೇವೆ, ಅವರ ಸಿನಿಮಾ ಯಾವ ವರ್ಷ ಬಂತು ಅಂತ ಕೇಳಿದರೆ ಪಟ್ ಅಂತ ಹೇಳುತ್ತೇವೆ. ಅಮೆರಿಕದ ಡೊನಾಲ್ಡ್ ಹಾರ್ಟನ್, ರಿಚರ್ಡ್ ವೋಲ್ ಅನ್ನುವ ಇಬ್ಬರು 1956ರಲ್ಲೇ ಇದರ ಬಗ್ಗೆ ಬರೆದಿದ್ದಾರಂತೆ, ಕಾಲೇಜಿನಲ್ಲಿ ಓದುವ ಮಗಳು ಹೇಳಿದಳು. ಪರದೆ ನೋಡುತ್ತಾ ನೋಡುತ್ತಾ ಒಂದೇ ಕಡೆಯಿಂದ ಬೆಳೆಯುವ ನೆಂಟಸ್ತನ ಅದು. ನಮಗೆ ಅವರು ಗೊತ್ತು, ಅವರಿಗೆ ನಾವು ಗೊತ್ತಿಲ್ಲ. ಆದರೂ ನೆಂಟಸ್ತನವೇ. ನೆಂಟರು ಸತ್ತರೆ ಅಳು ಬರುತ್ತದೆ, ಅದರಲ್ಲಿ ತಪ್ಪೇನು? ಅದರ ಜೊತೆಗೆ ಹೆದರಿಕೆಯೂ ಇತ್ತು ಬಿಡಿ. ಅಷ್ಟು ಗಟ್ಟಿಮುಟ್ಟಾಗಿದ್ದ ಮನುಷ್ಯನೇ ಹೋದರೆ ನಾವೇನು ಅಂತ. ಮುಂದಿನ ದಿನಗಳಲ್ಲಿ ಬೆಂಗಳೂರಿನ ಜಯದೇವ ಆಸ್ಪತ್ರೆ ಮುಂದೆ ಎದೆ ತೋರಿಸಿಕೊಳ್ಳುವವರ ಸಾಲು ನಿಂತಿತ್ತಲ್ಲ, ಆ ಸಾಲಿನಲ್ಲಿ ಇದ್ದದ್ದು ಇದೇ ಹೆದರಿಕೆ.

ಈಗ ವಿಷಯಕ್ಕೆ ಬರುತ್ತೇನೆ.

30ರ ಸಂಜೆ, ಶನಿವಾರ, ನಿಮ್ಮಲ್ಲಿ ಹತ್ತು ಹನ್ನೆರಡು ಜನ ಬ್ಯಾನರಿಗೆ ಕಾಯುತ್ತಾ ಅಂಗಡಿಯಲ್ಲಿ ಇದ್ದಿರಿ. ಆಗ ಒಬ್ಬರು ಹೆಣ್ಣುಮಗಳು ಬಂದರು. ವಯಸ್ಸು ಐವತ್ತರ ಹತ್ತಿರ. ಸೆರಗಿನ ತುದಿಯಲ್ಲಿ ಮೊಬೈಲ್ ಸುತ್ತಿ ಹಿಡಿದುಕೊಂಡಿದ್ದರು.

‘ತಮ್ಮಾ, ಒಂದ್ ಸಣ್ಣ ಬ್ಯಾನರ್ ಬೇಕಿತ್ತಪಾ. ನಾಳೆ ಮೂರ್ ದಿನ ಆಗ್ತೈತಿ.’

‘ಯಾರ್ದ್ರೀ ಅವ್ವಾರ?’

‘ಮಗಂದು.’

ನಾನು ಮಷಿನ್ ಕಡೆ ನೋಡಿಕೊಂಡೇ ಹೇಳಿದೆ. ‘ಮಷಿನ್ ಖಾಲಿ ಇಲ್ರೀ. ಸೋಮವಾರ ಬರ್ರಿ.’

ಅವರು ಮಷಿನ್ನಿಂದ ಇಳಿಯುತ್ತಿದ್ದ ಮುಖ ನೋಡಿದರು. ‘ಆತು ಬಿಡಪಾ. ಅಪ್ಪುಂದ ಮೊದ್ಲ ಆಗ್ಲಿ’ ಅಂದು ಹೋದರು.

ಮಗನಿಗೆ ಎಷ್ಟು ವಯಸ್ಸು, ಹೇಗೆ ಹೋದ, ಒಂದೂ ನಾನು ಕೇಳಲಿಲ್ಲ. ಅಂಗಡಿಯಲ್ಲಿದ್ದ ಯಾರೂ ಕೇಳಲಿಲ್ಲ. ಒಂದು ಸಾವಿಗೆ ಅಳುತ್ತಾ ಕೂತವರ ನಡುವೆ ಇನ್ನೊಂದು ಸಾವು ಬಂದು, ಸರದಿ ಬಿಟ್ಟುಕೊಟ್ಟು, ಹೊರಗೆ ಹೋಯಿತು. ನನಗೆ ಅವತ್ತು ಅದು ತಲೆಗೇ ಹೋಗಲಿಲ್ಲ.

ಸೋಮವಾರ ಅವರು ಬಂದರು. ಮೂರನೇ ದಿನದ ಕಾರ್ಯ ಮುಗಿದಿತ್ತು. ಆದರೂ ಮನೆ ಗೋಡೆಗೆ ಹಾಕುತ್ತೇನೆ ಅಂದರು. ಮೊಬೈಲ್‌ನಲ್ಲಿ ಮಗನದು ಒಂದೇ ಒಂದು ಒಳ್ಳೆಯ ಫೋಟೋ ಇತ್ತು. ಆ ವರ್ಷ ಏಪ್ರಿಲ್‌ನಲ್ಲಿ ಅಪ್ಪು ಸಿನಿಮಾ ಬಿಡುಗಡೆ ಆದಾಗ ಥೇಟರ್ ಮುಂದೆ ಕಟೌಟ್ ಕೆಳಗೆ ನಿಂತು ತೆಗೆಸಿಕೊಂಡದ್ದು. ಒಂದು ಕೈಯಲ್ಲಿ ಹಾಲಿನ ಪ್ಯಾಕೆಟ್. ಕಟೌಟಿನ ಕೈ ಅವನ ಹೆಗಲ ಮೇಲೆ ಇಟ್ಟ ಹಾಗೆ ಕಾಣುತ್ತಿತ್ತು. ಆ ಕಟೌಟ್ ನನ್ನ ಅಂಗಡಿಯದೇ, ಕೆಳಗಿನ ಮೂಲೆಯಲ್ಲಿ ಅರ್ಧ ನಂಬರ್ ಕಾಣುತ್ತಿತ್ತು. ನಾನು ಫೋಟೋಶಾಪ್ ತೆಗೆದು ಹಿಂದಿನದನ್ನೆಲ್ಲ ಕತ್ತರಿಸಲು ಶುರು ಮಾಡಿದೆ, ನಾವು ಯಾವಾಗಲೂ ಹಾಗೇ ಮಾಡುವುದು, ಹಿಂದೆ ನೀಲಿ ಆಕಾಶ ಹಾಕಿ ಎರಡು ಪಾರಿವಾಳ ಬಿಡುತ್ತೇವೆ. ಅವರು ನನ್ನ ಕೈ ಹಿಡಿದರು.

‘ಅಪ್ಪುನ್ನ ತೆಗೀಬ್ಯಾಡಪಾ. ಇರ್ಲಿ. ಅವಂಗ ಭಾಳ ಪ್ರೀತಿ.’

ಹಾಗಾಗಿ ಆ ಮೂರು ಬೈ ಎರಡರಲ್ಲಿ ಇಬ್ಬರೂ ಇದ್ದಾರೆ. ನೂರು ರೂಪಾಯಿ ತೆಗೆದುಕೊಂಡೆ. ಅದನ್ನೂ ಹೇಳಿಬಿಡುತ್ತೇನೆ, ಮುಚ್ಚಿಟ್ಟು ಏನು ಮಾಡಲಿ.

ಹುಡುಗನಿಗೆ ಇಪ್ಪತ್ತೆರಡು. ಸೆಂಟ್ರಿಂಗ್ ಕೆಲಸ. ಒಂದು ಕಟ್ಟಡದ ಮೂರನೇ ಮಹಡಿಯಿಂದ ಬಿದ್ದ. ಬೆಲ್ಟ್ ಇಲ್ಲ, ಬಲೆ ಇಲ್ಲ. ಕೆಲಸ ಕೊಟ್ಟವರು ಇಪ್ಪತ್ತು ಸಾವಿರ ಕೈಗಿಟ್ಟು ಒಂದು ಕಾಗದದ ಮೇಲೆ ಹೆಬ್ಬೆಟ್ಟು ಒತ್ತಿಸಿಕೊಂಡರು. ಲೇಬರ್ ಕಾರ್ಡ್ ಮಾಡಿಸಿರಲಿಲ್ಲ. ವರ್ಷಕ್ಕೆ ತೊಂಬತ್ತು ದಿನ ಕಟ್ಟಡ ಕೆಲಸ ಮಾಡಿದರೆ ಕಾರ್ಮಿಕ ಕಲ್ಯಾಣ ಮಂಡಳಿಯಲ್ಲಿ ನೋಂದಣಿ ಮಾಡಿಸಬಹುದು, ಅಪಘಾತದಲ್ಲಿ ಹೋದರೆ ಮನೆಯವರಿಗೆ ಪರಿಹಾರ ಸಿಗುತ್ತದೆ, ಇದನ್ನು ಅವನಿಗೆ ಯಾರೂ ಹೇಳಿರಲಿಲ್ಲ. ಇದಕ್ಕಿಂತ ಹೊಟ್ಟೆ ಉರಿಯುವ ವಿಷಯ ಗೊತ್ತಾಗಿದ್ದು ಎರಡು ವರ್ಷ ಬಿಟ್ಟು. ಅವನ ಪಾಸ್‌ಬುಕ್‌ನಲ್ಲಿ ಪ್ರತಿ ವರ್ಷ ಮೇ ತಿಂಗಳ ಕೊನೆಗೆ 12 ರೂಪಾಯಿ ಕಡಿತ ಆಗಿತ್ತು. ಪ್ರಧಾನಮಂತ್ರಿ ಸುರಕ್ಷಾ ಬಿಮಾ. ಈಗ ಅದು ವರ್ಷಕ್ಕೆ 20 ರೂಪಾಯಿ. ಅಪಘಾತದಲ್ಲಿ ಸತ್ತರೆ ಎರಡು ಲಕ್ಷ ಬರುತ್ತದೆ. ಅವನೇ ಕಟ್ಟಿದ ವಿಮೆ, ಮನೆಯಲ್ಲಿ ಓದಲು ಬರುವವರಿಲ್ಲ, ಕೇಳಲು ಹೋಗುವಷ್ಟರಲ್ಲಿ ತಡ ಆಗಿತ್ತು. ಬ್ಯಾಂಕಿನಲ್ಲಿ ಕಾಗದ ವಾಪಸ್ ಕೊಟ್ಟು ಕಳಿಸಿದರು.

ಅವತ್ತು ಶನಿವಾರ ಅಂಗಡಿಯಲ್ಲಿದ್ದ ಹನ್ನೆರಡು ಜನರಲ್ಲಿ ಇಬ್ಬರು ಬ್ಯಾಂಕ್ ಕೆಲಸ ಗೊತ್ತಿದ್ದವರು, ಒಬ್ಬ ವಕೀಲರ ಹತ್ತಿರ ಗುಮಾಸ್ತ. ನಾನು ‘ಹೇಗೆ ಹೋದ ಅವ್ವಾರ’ ಅಂತ ಒಂದು ಮಾತು ಕೇಳಿದ್ದರೆ ಅವರು ಅಲ್ಲೇ ಇದ್ದರು.

ಈಗ ನಮ್ಮ ಸುತ್ತಮುತ್ತ ನೋಡಿ. 2019ರ ಮಾರ್ಚ್ 19ರಂದು ಧಾರವಾಡದ ಕುಮಾರೇಶ್ವರ ನಗರದಲ್ಲಿ ಕಟ್ಟುತ್ತಿದ್ದ ಕಟ್ಟಡ ಕುಸಿದು 19 ಜನ ಹೋದರು. ದಿನಗಟ್ಟಲೆ ಅವಶೇಷ ತೆಗೆದರು, ಇಡೀ ಊರು ನಿಂತು ನೋಡಿತು. ಈಗ ಕೇಳಿ ನೋಡಿ, ಅವರಲ್ಲಿ ಒಬ್ಬರ ಹೆಸರು ಯಾರಿಗಾದರೂ ನೆನಪಿದೆಯಾ? ನನಗೂ ಇಲ್ಲ. 2024ರ ಜೂನ್ 28ರ ನಸುಕಿನಲ್ಲಿ ಬ್ಯಾಡಗಿ ತಾಲ್ಲೂಕಿನ ಗುಂಡೇನಹಳ್ಳಿ ಕ್ರಾಸ್ ಹತ್ತಿರ ನಿಂತಿದ್ದ ಲಾರಿಗೆ ಟೆಂಪೊ ಟ್ರಾವೆಲರ್ ಗುದ್ದಿ 13 ಜನ ಹೋದರು. ಭದ್ರಾವತಿ ಕಡೆಯ ಎಮ್ಮೆಹಟ್ಟಿಯವರು, ದೇವರಿಗೆ ಹೋಗಿ ವಾಪಸ್ ಬರುತ್ತಿದ್ದವರು. ಅವರಲ್ಲಿ ಒಬ್ಬಳು ಅಂಧರ ಫುಟ್‌ಬಾಲ್ ತಂಡದ ಆಟಗಾರ್ತಿ ಅಂತ ಪೇಪರಿನಲ್ಲಿ ಓದಿದಾಗ ನನಗೆ ಒಂದು ಕ್ಷಣ ಆ 13 ಅನ್ನುವುದು ಒಡೆದು ಒಂದು ಮುಖ ಕಂಡಿತು. ಕಣ್ಣು ಕಾಣದ ಹುಡುಗಿ ಚೆಂಡಿನ ಸದ್ದು ಕೇಳಿಕೊಂಡು ಓಡುವುದು. ಉಳಿದ ಹನ್ನೆರಡು ಜನರ ಬಗ್ಗೆ ಅಂಥದ್ದೊಂದು ಸಾಲು ಸಿಕ್ಕಿದ್ದರೆ ಹನ್ನೆರಡು ಮುಖ ಕಾಣುತ್ತಿದ್ದವು.

ಇಷ್ಟೇ ವ್ಯತ್ಯಾಸ ಅಂತ ನನಗೆ ಅನಿಸುತ್ತದೆ. ಅಪ್ಪುವಿನ ಬಗ್ಗೆ ನಮಗೆ ಸಾವಿರ ಸಾಲು ಗೊತ್ತಿತ್ತು, ಸತ್ತ ಗೌಂಡಿಯ ಬಗ್ಗೆ ಒಂದು ಸಾಲೂ ಇಲ್ಲ. ‘ಅಪರಿಚಿತ ವಾಹನ ಡಿಕ್ಕಿ, ವ್ಯಕ್ತಿ ಸಾವು.’ ಈ ವ್ಯಕ್ತಿಗೆ ಯಾರು ಅಳುತ್ತಾರೆ, ಅಲ್ವಾ?

ಆ ಗುಂಡೇನಹಳ್ಳಿ ಕ್ರಾಸಿನ ಹೆದ್ದಾರಿಯಲ್ಲೇ ಇನ್ನೂ ದಕ್ಷಿಣಕ್ಕೆ ಹೋದರೆ ದಾವಣಗೆರೆ ಹತ್ತಿರ ಆನಗೋಡು. 1990ರ ಸೆಪ್ಟೆಂಬರ್ 30ರಂದು ಶಂಕರ್ ನಾಗ್ ಹೋಗಿದ್ದು ಅಲ್ಲೇ. ಇವತ್ತಿಗೂ ಹುಬ್ಬಳ್ಳಿಯಲ್ಲಿ ಆಟೋ ಹಿಂದೆ ಅವರ ಚಿತ್ರ ಇದೆ, ಅವರು ಸತ್ತ ಮೇಲೆ ಹುಟ್ಟಿದ ಹುಡುಗರೂ ಹಾಕಿಸುತ್ತಾರೆ. ತಿಂಗಳಿಗೆ ಒಂದೆರಡು ನಾನೇ ಅಂಟಿಸಿ ಕೊಡುತ್ತೇನೆ. ಒಂದು ರಸ್ತೆ, ಒಂದೇ ಥರದ ಸಾವು. ಒಂದು ಮೂವತ್ತೈದು ವರ್ಷ ನೆನಪಿನಲ್ಲಿದೆ, ಇನ್ನೊಂದು ಮೂರು ದಿನಕ್ಕೆ ಹಳೆಯದಾಯಿತು.

ಇನ್ನೊಂದು ಕಾರಣವೂ ಇದೆ, ಅದನ್ನು ಹೇಳಿದರೆ ಕೆಲವರಿಗೆ ಇರುಸುಮುರುಸು ಆಗುತ್ತದೆ. ಹೀರೋ ಸತ್ತರೆ ಆ ದುಃಖ ನಮ್ಮಿಂದ ಕಣ್ಣೀರು ಬಿಟ್ಟು ಬೇರೇನೂ ಕೇಳುವುದಿಲ್ಲ. ಯಾರ ಮೇಲೂ ಬೆರಳು ತೋರಿಸಬೇಕಾಗಿಲ್ಲ. ಎಲ್ಲ ಪಾರ್ಟಿಯವರೂ ಒಂದೇ ಬ್ಯಾನರಿನಲ್ಲಿ ನಿಲ್ಲಬಹುದು. ಗೌಂಡಿ ಬಿದ್ದು ಸತ್ತರೆ ಹಾಗಲ್ಲ. ಬಲೆ ಯಾಕೆ ಕಟ್ಟಿರಲಿಲ್ಲ, ಲೈಸೆನ್ಸ್ ಯಾರು ಕೊಟ್ಟರು, ರಸ್ತೆ ಮೇಲೆ ಲಾರಿ ಯಾಕೆ ನಿಂತಿತ್ತು ಅಂತ ಕೇಳಬೇಕಾಗುತ್ತದೆ. ಕೇಳಿದರೆ ಯಾರದೋ ಅಳಿಯ, ಯಾರದೋ ಪಾಲುದಾರ ಸಿಕ್ಕಿಬೀಳುತ್ತಾನೆ. ಅದಕ್ಕೇ ಆ ದುಃಖ ಬೇಗ ತಣ್ಣಗಾದರೆ ಎಲ್ಲರಿಗೂ ಅನುಕೂಲ.

ತಣ್ಣಗಾಗದೇ ಇದ್ದರೆ ಏನಾಗುತ್ತದೆ ಅಂತಲೂ ನಾವು ನೋಡಿದ್ದೇವೆ. 2021ರ ಜನವರಿಯಲ್ಲಿ, ಸಂಕ್ರಾಂತಿ ಮರುದಿನ, ದಾವಣಗೆರೆಯ ಹೆಣ್ಣುಮಕ್ಕಳು, ಶಾಲೆಯ ಗೆಳತಿಯರು, ಗೋವಾಕ್ಕೆ ಹೊರಟಿದ್ದವರು ಇಟಿಗಟ್ಟಿ ಹತ್ತಿರ ಹುಬ್ಬಳ್ಳಿ-ಧಾರವಾಡ ಬೈಪಾಸಿನಲ್ಲಿ ಟಿಪ್ಪರ್ ಗುದ್ದಿ ಹೋದರು. ಹತ್ತಕ್ಕೂ ಜಾಸ್ತಿ ಜನ. ಗಬ್ಬೂರಿನಿಂದ ನರೇಂದ್ರದ ತನಕ ಸುಮಾರು ಮೂವತ್ತು ಕಿಲೋಮೀಟರ್, ಅಷ್ಟು ದೊಡ್ಡ ಹೆದ್ದಾರಿಯ ನಡುವೆ ಆಗ ಅದೊಂದು ತುಂಡು ಮಾತ್ರ ಎರಡೇ ಪಥ ಇತ್ತು, ಟೋಲ್ ಮಾತ್ರ ಪೂರ್ತಿ. ಅಲ್ಲಿ ಅದಕ್ಕೂ ಮೊದಲು ಎಷ್ಟು ಜನ ಸತ್ತಿದ್ದರೋ. ಆದರೆ ಆ ಸಲ ಸತ್ತವರ ಮನೆಯವರು ಅಳುತ್ತಾ ಮನೆಯಲ್ಲಿ ಕೂರಲಿಲ್ಲ. ಅದೇ ಜಾಗಕ್ಕೆ ಬಂದು ಧರಣಿ ಕೂತರು. ಮುಂದಿನ ವರ್ಷ ಫೆಬ್ರವರಿಯಲ್ಲಿ ಹುಬ್ಬಳ್ಳಿಗೆ ಗಡ್ಕರಿ ಬಂದು ಆರು ಪಥಕ್ಕೆ ಅಡಿಗಲ್ಲು ಹಾಕಿದರು. ಅಡಿಗಲ್ಲಿನ ಬ್ಯಾನರೂ ನಮ್ಮಂಥವರೇ ಮಾಡಿದ್ದು, ಸತ್ತ ಹೆಣ್ಣುಮಕ್ಕಳ ಹೆಸರು ಯಾವ ಬ್ಯಾನರಿನಲ್ಲೂ ನಾನು ನೋಡಲಿಲ್ಲ.

ಗದಗ ಜಿಲ್ಲೆಯ ಗೆಳೆಯರಿಗೆ ಪ್ರತ್ಯೇಕವಾಗಿ ಒಂದು ಮಾತು. ಸೂರಣಗಿ. 2024ರ ಜನವರಿ 8, ಯಶ್ ಹುಟ್ಟುಹಬ್ಬ. ನಡುರಾತ್ರಿ ಕಟೌಟ್ ನಿಲ್ಲಿಸುವಾಗ ಕರೆಂಟ್ ತಂತಿಗೆ ತಾಗಿ ಮೂವರು ಹುಡುಗರು ಹೋದರು. ಯಶ್ ಅವತ್ತೇ ಆ ಹಳ್ಳಿಗೆ ಬಂದರು, ಮನೆಯವರನ್ನು ಕಂಡರು, ಇಂಥ ಅಭಿಮಾನ ಬೇಡ ಅಂತ ಕೇಳಿಕೊಂಡರು. ಅದು ದೊಡ್ಡದು, ಇಲ್ಲ ಅನ್ನುವುದಿಲ್ಲ. ಆದರೆ ಆ ದಿನದ ಸುದ್ದಿ ಒಮ್ಮೆ ನೆನಪು ಮಾಡಿಕೊಳ್ಳಿ. ‘ಯಶ್ ಅಭಿಮಾನಿಗಳ ಸಾವು.’ ತಮ್ಮ ಸಾವಿನ ಸುದ್ದಿಯಲ್ಲೂ ಆ ಹುಡುಗರಿಗೆ ದೊಡ್ಡಕ್ಷರ ಸಿಗಲಿಲ್ಲ. ಆ ಸುದ್ದಿ ಬಂದ ದಿನದಿಂದ ಕಬ್ಬಿಣದ ಫ್ರೇಮಿಗೆ ಬ್ಯಾನರ್ ಬಿಗಿದು ಕೊಡುವಾಗ ನನ್ನ ಕೈ ನಡುಗುತ್ತದೆ. ಎಲ್ಲಿ ನಿಲ್ಲಿಸುತ್ತೀರಿ, ಮೇಲೆ ತಂತಿ ಇದೆಯಾ ಅಂತ ಕೇಳುತ್ತೇನೆ. ‘ನೀ ಸುಮ್ನೆ ಪ್ರಿಂಟ್ ಮಾಡು ಅಣ್ಣಾ’ ಅನ್ನುತ್ತೀರಿ. ಇನ್ನು ಮುಂದೆ ಸುಮ್ಮನೆ ಮಾಡುವುದಿಲ್ಲ. ಹಗಲು ಹೊತ್ತಿನಲ್ಲಿ, ಹೆಸ್ಕಾಂನವರಿಗೆ ತಿಳಿಸಿ ನಿಲ್ಲಿಸುತ್ತೇವೆ ಅಂದರೆ ಮಾತ್ರ ಹತ್ತು ಅಡಿಗಿಂತ ಎತ್ತರದ್ದು ಮಾಡಿಕೊಡುತ್ತೇನೆ. ಬೇರೆ ಅಂಗಡಿಗೆ ಹೋಗುತ್ತೇವೆ ಅಂದರೆ ಹೋಗಿ, ನಾನು ಬೇಜಾರು ಮಾಡಿಕೊಳ್ಳುವುದಿಲ್ಲ.

ಇನ್ನು ನಾನು ಕೇಳುವುದು ಏನು ಅಂತ.

ಅಪ್ಪುವಿಗೆ ಅಳುವುದು ಕಡಿಮೆ ಮಾಡಿ ಅಂತ ಕೇಳುವುದಿಲ್ಲ. ಅಳುವನ್ನು ತಕ್ಕಡಿಯಲ್ಲಿ ತೂಗಿ ಹಂಚಲು ಬರುವುದಿಲ್ಲ. ಆದರೆ ನಿಮ್ಮ ಹತ್ತಿರ ಕಣ್ಣೀರಿಗಿಂತ ದೊಡ್ಡದೊಂದಿದೆ, ಜನ. ಒಂದು ಫೋನಿಗೆ ನಲವತ್ತು ಹುಡುಗರು ಬೈಕ್ ಮೇಲೆ ಬಂದು ನಿಲ್ಲುತ್ತೀರಿ. ಅದು ಎರಡು ಕಡೆ ಕೊಯ್ಯುವ ಕತ್ತಿ, ನಿಮಗೂ ಗೊತ್ತು. 2006ರಲ್ಲಿ ಅಣ್ಣಾವ್ರು ಹೋದಾಗ ಬೆಂಗಳೂರಿನಲ್ಲಿ ಅದೇ ಜನ ಕಲ್ಲಾಗಿ, ಬೆಂಕಿಯಾಗಿ, ಕೊನೆಗೆ ಜೀವಗಳೇ ಹೋದವು, ಒಬ್ಬ ಪೊಲೀಸಿನವನೂ ಸತ್ತ. ಅವನ ಮನೆಯಲ್ಲೂ ತಾಯಿ ಇದ್ದಿರಬೇಕು. 2021ರಲ್ಲಿ ಅದೇ ಜನ ಕಣ್ಣುದಾನದ ಫಾರಂ ತುಂಬಲು ಸಾಲು ನಿಂತರು. ಅಪ್ಪುವಿನ ಕಣ್ಣುಗಳಿಂದ ನಾಲ್ಕು ಜನಕ್ಕೆ ದೃಷ್ಟಿ ಬಂತು ಅಂತ ಕೇಳಿದ ಮೇಲೆ ನನ್ನ ಅಂಗಡಿಯ ಇಬ್ಬರು ಹುಡುಗರೂ ಬರೆದುಕೊಟ್ಟರು. ಅಂದರೆ ನಿಮ್ಮ ದುಃಖಕ್ಕೆ ಕೆಲಸ ಮಾಡಲು ಬರುತ್ತದೆ.

ಹಾಗಿದ್ದರೆ ಪ್ರತಿ ಬಳಗದಲ್ಲಿ ನಾಲ್ಕು ಜನ ಸಾಕು. ನಲವತ್ತು ಬೇಡ. ನಿಮ್ಮ ಓಣಿಯಲ್ಲಿ, ನಿಮ್ಮ ಹಳ್ಳಿಯಲ್ಲಿ ಯಾರಾದರೂ ಅಪಘಾತದಲ್ಲಿ, ಕೆಲಸದ ಜಾಗದಲ್ಲಿ ಹೋದರೆ ಆ ಮನೆಗೆ ಹೋಗಿ. ಮೊದಲ ದಿನ ಸುಮ್ಮನೆ ಕೂತು ಬನ್ನಿ. ಮೂರು ದಿನ ಆದ ಮೇಲೆ ಅವರ ಪಾಸ್‌ಬುಕ್ ಕೇಳಿ, ಆ 20 ರೂಪಾಯಿಯ ಸಾಲು ಇದೆಯಾ ನೋಡಿ. ಇದ್ದರೆ ತಡ ಮಾಡದೆ ಅರ್ಜಿ ಹಾಕಿಸಿ. ಪೊಲೀಸ್ ಠಾಣೆಗೆ ಎಫ್‌ಐಆರ್ ಪ್ರತಿ ತರಲು, ಆಸ್ಪತ್ರೆಗೆ ಪೋಸ್ಟ್‌ಮಾರ್ಟಂ ವರದಿ ತರಲು ಆ ತಾಯಿಯ ಜೊತೆ ಒಬ್ಬರು ಹೋಗಿ. ಗುದ್ದಿ ಓಡಿಹೋದ ಗಾಡಿ ಸಿಗದಿದ್ದರೂ, 2022ರ ಏಪ್ರಿಲ್‌ನಿಂದ ಸತ್ತವರ ಮನೆಯವರಿಗೆ ಎರಡು ಲಕ್ಷ ಕೊಡುವ ಸರ್ಕಾರಿ ಯೋಜನೆ ಇದೆ, ಅದು ಎಷ್ಟು ಜನಕ್ಕೆ ಗೊತ್ತು? ಆತ್ಮಹತ್ಯೆ ಮಾಡಿಕೊಂಡ ರೈತನ ಮನೆಗೆ ಐದು ಲಕ್ಷ ಪರಿಹಾರ ಇದೆ, ಆದರೆ ಸಾಲದ ಕಾಗದ ಸರಿ ಇಲ್ಲ ಅಂತ ಅರ್ಜಿ ತಿರಸ್ಕಾರ ಮಾಡಿದರೆ ಕೇಳಲು ಆ ಹೆಂಡತಿಯ ಹಿಂದೆ ಯಾರಿರುತ್ತಾರೆ? ಹಾವೇರಿ ಕಡೆಯ ಗೆಳೆಯರಿಗೆ ಇದನ್ನು ನಾನು ಬಿಡಿಸಿ ಹೇಳಬೇಕಾಗಿಲ್ಲ. ಕಚೇರಿಯ ಕಿಟಕಿ ಮುಂದೆ ಒಬ್ಬ ಮುದುಕಿ ನಿಂತರೆ ‘ನಾಳೆ ಬಾ’ ಅನ್ನುತ್ತಾರೆ. ಅವಳ ಹಿಂದೆ ನಾಲ್ಕು ಹುಡುಗರು ಕೈಕಟ್ಟಿ, ಬಾಯಿ ಮುಚ್ಚಿಕೊಂಡು ನಿಂತರೂ ಸಾಕು, ಕುರ್ಚಿ ತಂದು ಹಾಕುತ್ತಾರೆ. ನಾನೇ ಅವತ್ತು ‘ಸೋಮವಾರ ಬರ್ರಿ’ ಅಂದವನು, ಅದಕ್ಕೇ ನನಗೆ ಗೊತ್ತು.

ಲೇಬರ್ ಕಾರ್ಡ್ ಕೂಡ. ನಿಮ್ಮ ಬಳಗದಲ್ಲೇ ಅರ್ಧ ಜನ ಗೌಂಡಿ, ಪೇಂಟರ್, ಸೆಂಟ್ರಿಂಗ್, ಟೈಲ್ಸ್ ಕೆಲಸದವರು. ಹುಟ್ಟುಹಬ್ಬದ ದಿನ ರಕ್ತದಾನ ಶಿಬಿರ ಮಾಡುತ್ತೀರಲ್ಲ, ಪಕ್ಕದಲ್ಲಿ ಒಂದು ಟೇಬಲ್ ಹಾಕಿ ಕಾರ್ಡಿನ ಅರ್ಜಿ ತುಂಬಿಸಿ. ಟೇಬಲ್ಲಿಗೆ ಬ್ಯಾನರ್ ನನ್ನದು.

ಇನ್ನೊಂದು ಸಣ್ಣ ಕೋರಿಕೆ. ಶ್ರದ್ಧಾಂಜಲಿ ಬ್ಯಾನರಿನ ಕೆಳಗೆ ನಿಮ್ಮ ಫೋಟೋಗಳ ಸಾಲು ಇರುತ್ತದಲ್ಲ. ಹೋದ ಸಲ ಒಂದು ಬಳಗದವರು ಹದಿನೆಂಟು ತಲೆ ಹಾಕಿಸಿದರು, ಅಪ್ಪುವಿನ ಮುಖ ಚಿಕ್ಕದು ಮಾಡು ಅಂತ ನನಗೇ ಹೇಳಿದರು. ಸಿಟ್ಟಾಗಬೇಡಿ, ಅದು ನಡೆದದ್ದೇ. ಈ ಸಲ ಆ ಸಾಲನ್ನು ಒಂದು ಅಡಿ ಕಡಿಮೆ ಮಾಡೋಣ. ಆ ಜಾಗದಲ್ಲಿ ಆ ವರ್ಷ ನಿಮ್ಮ ಓಣಿಯಲ್ಲಿ ತೀರಿಹೋದವರ ಹೆಸರು ಹಾಕೋಣ. ಹೆಸರು, ವಯಸ್ಸು, ಒಂದು ಸಾಲು. ಏನು ಕೆಲಸ ಮಾಡುತ್ತಿದ್ದರು, ಏನು ಇಷ್ಟ ಇತ್ತು. ‘ಗಿರಮಿಟ್ ಅಂಗಡಿ ನಡೆಸುತ್ತಿದ್ದರು’, ‘ಭಜನೆಯಲ್ಲಿ ತಬಲಾ ನುಡಿಸುತ್ತಿದ್ದ’, ‘ಅಪ್ಪು ಅಂದರೆ ಪ್ರಾಣ’. ಅದಕ್ಕೆ ಒಂದು ರೂಪಾಯಿ ಜಾಸ್ತಿ ಕೇಳುವುದಿಲ್ಲ. ಮನೆಯವರನ್ನು ಕೇಳಿ, ಅವರು ಒಪ್ಪಿದರೆ ಮಾತ್ರ ಹಾಕೋಣ. ಬೇಡ ಅಂದರೆ ಬೇಡ, ಕೆಲವರಿಗೆ ರಸ್ತೆ ಮೇಲೆ ಹೆಸರು ಬರುವುದು ಇಷ್ಟ ಇರುವುದಿಲ್ಲ.

ನನ್ನ ಕಡೆಯಿಂದ ಇಷ್ಟು. ಕೆಲಸದ ಜಾಗದಲ್ಲಿ ಅಥವಾ ರಸ್ತೆಯಲ್ಲಿ ಹೋದವರ ಮನೆಯವರು ಯಾರೇ ಬಂದರೂ ಮೂರು ಬೈ ಎರಡು ಬ್ಯಾನರಿಗೆ ದುಡ್ಡಿಲ್ಲ. ಮಷಿನ್ ಮೇಲೆ ಎಷ್ಟು ದೊಡ್ಡವರ ಬ್ಯಾನರ್ ಇದ್ದರೂ ನಿಲ್ಲಿಸಿ, ಅದನ್ನು ಮೊದಲು ಹೊಡೆಯುತ್ತೇನೆ. ಹತ್ತು ನಿಮಿಷದ ಕೆಲಸ ಅದು. ಅವತ್ತೂ ಹತ್ತೇ ನಿಮಿಷ ಇತ್ತು.

ಅಕ್ಟೋಬರ್ 29ಕ್ಕೆ ಹೇಗೂ ಬರುತ್ತೀರಿ. ಒಂದು ವಾರ ಮೊದಲೇ ಬನ್ನಿ, ಹೆಸರುಗಳನ್ನು ಬರೆದುಕೊಂಡು ಬನ್ನಿ, ಕೂತು ಮಾತಾಡೋಣ, ಚಹಾ ನನ್ನದು. ಮತ್ತೆ ಹೋದ ವರ್ಷದ ಬಾಕಿ ಇನ್ನೂ ಮೂರು ಬಳಗದವರದು ಇದೆ. ಯಾರು ಅಂತ ಇಲ್ಲಿ ಬರೆಯುವುದಿಲ್ಲ, ಅವರಿಗೆ ಗೊತ್ತು.

ಇಂತಿ ನಿಮ್ಮವ,
ಬ್ಯಾನರ್ ಅಂಗಡಿಯವ
ಹಳೇ ಹುಬ್ಬಳ್ಳಿ